ಥ್ಯಾಂಕ್ಸ್ ಹೇಳಲು ಕೈಯಲ್ಲಿ ಬರೆದ ನಾಲ್ಕು ಸಾಲು

ಸಣ್ಣಪುಟ್ಟ ಸಹಾಯಕ್ಕೆ ನಾನೂ ಮೊಬೈಲಿನಲ್ಲಿ ಕೈಮುಗಿಯುವ ಚಿತ್ರ ಕಳಿಸಿ ಮುಗಿಸುತ್ತೇನೆ. ಆದರೆ ಯಾರಾದರೂ ತಮ್ಮ ಕೆಲಸ ಬದಿಗಿಟ್ಟು ನನಗಾಗಿ ನಿಂತಿದ್ದರೆ, ಅವರಿಗೆ ಪೆನ್ನು ಹಿಡಿದೇ ಬರೆಯುತ್ತೇನೆ.

ಕಾರ್ಡು ಎ6 ಅಳತೆಯದ್ದಿರಲಿ, ಅಂದರೆ 105 ಮಿ.ಮೀ. ಅಗಲ, 148 ಮಿ.ಮೀ. ಉದ್ದ. ದೊಡ್ಡ ಹಾಳೆ ತಗೊಂಡರೆ ಜಾಗ ತುಂಬಿಸೋಕೆ ಸುಮ್ನೆ ಮಾತು ಬೆಳೆಸುತ್ತೇವೆ. ನುಣುಪಾಗಿ ಹೊಳೆಯುವ ಕಾರ್ಡಂತೂ ಬೇಡ. ಜೆಲ್ ಪೆನ್ನಿನ ಇಂಕು ಅದರ ಮೇಲೆ ಬೇಗ ಒಣಗಲ್ಲ, ಅಂಗೈ ತಾಗಿದರೆ ಅಕ್ಷರವೆಲ್ಲ ಕಲಸಿಹೋಗುತ್ತದೆ.

ಕಷ್ಟ ಇರೋದು ಏನು ಬರೆಯಬೇಕು ಅನ್ನೋದರಲ್ಲಿ. 'ನಿಮ್ಮ ಸಹಾಯಕ್ಕೆ ತುಂಬಾ ಧನ್ಯವಾದಗಳು' ಎಂದು ಯಾರಿಗೆ ಬೇಕಾದರೂ ಬರೆಯಬಹುದು, ಅಲ್ವಾ? ಹಾಗಾಗಿ ಇವರು ನಿಜವಾಗಿ ಏನು ಮಾಡಿದರು ಎಂದು ಮೊದಲು ರಫ್ ಹಾಳೆಯಲ್ಲಿ ಗೀಚಿಕೊಳ್ಳುತ್ತೇನೆ. ಕೆಲಸದ ಸಂದರ್ಶನಕ್ಕೆ ನನ್ನನ್ನು ತಯಾರು ಮಾಡಿದ ಹಿರಿಯರೊಬ್ಬರಿಗೆ ಹೀಗೆ ಬರೆದಿದ್ದೆ: 'ಸರ್, ಹಿಂದಿನ ರಾತ್ರಿ ಫೋನಿನಲ್ಲಿ ಒಂದೊಂದೇ ಉತ್ತರ ಹೇಳಿಸಿದಿರಿ. ನಿಧಾನಕ್ಕೆ ಮಾತಾಡು, ಯಾರೂ ಅಟ್ಟಿಸಿಕೊಂಡು ಬರ್ತಿಲ್ಲ ಅಂದಿರಿ. ಒಳಗೆ ಕೂತಾಗ ಅದೊಂದೇ ನೆನಪಿತ್ತು. ಕೆಲಸ ಸಿಕ್ಕಿತು.' ಅಷ್ಟೇ. ಹೊಗಳಿಕೆಯ ಒಂದು ಪದವೂ ಬೇಕಾಗಲಿಲ್ಲ.

ಅತಿಯಾಯಿತೇನೋ, ಅವರಿಗೆ ಮುಜುಗರ ಆದೀತೇನೋ ಎಂದು ಹಿಂಜರಿಯುವವರು ಜಾಸ್ತಿ. ಅಮಿತ್ ಕುಮಾರ್ ಮತ್ತು ನಿಕೋಲಸ್ ಎಪ್ಲಿ ಎಂಬ ಸಂಶೋಧಕರು 2018ರಲ್ಲಿ ಇದನ್ನೇ ಪರೀಕ್ಷಿಸಿ ಪ್ರಕಟಿಸಿದರು. ಬರೆದವರು ಅಂದುಕೊಂಡದ್ದಕ್ಕಿಂತ ಪಡೆದವರ ಖುಷಿ ಹೆಚ್ಚಿತ್ತು, ಮುಜುಗರ ಕಡಿಮೆ ಇತ್ತು. ಒಂದು ಮಾತು ಹೇಳಲೇಬೇಕು: ಅಲ್ಲಿ ಪತ್ರಗಳು ಹೋಗಿದ್ದು ಇಮೇಲಿನಲ್ಲಿ. ಹಾಗಾಗಿ ಕೈಬರಹಕ್ಕೇ ಎಲ್ಲ ಶ್ರೇಯಸ್ಸು ಕೊಡಲಾರೆ. ನನಗೆ ಅದರಿಂದಾಗುವ ಲಾಭ ಬೇರೆ. ಹಳೆಯ ಸಂದೇಶವನ್ನು ಕಾಪಿ ಮಾಡಿ ಅಂಟಿಸೋಕಾಗಲ್ಲ, ಪ್ರತಿ ಸಲ ಆ ಮನುಷ್ಯರನ್ನೇ ನೆನೆದು ಬರೆಯಬೇಕು. ಅಕ್ಷರ ಸೊಟ್ಟಗಿದ್ದರೂ ಪರವಾಗಿಲ್ಲ, ಓದೋಕೆ ಬಂದರೆ ಸಾಕು.

ಥ್ಯಾಂಕ್ಸ್ ಹೇಳುವ ಕಾರ್ಡಿನಲ್ಲೇ 'ಇನ್ನೊಂದು ಸಣ್ಣ ಕೆಲಸ ಇತ್ತು' ಅಂತ ಸೇರಿಸಬಾರದು. ಮೇಲಿನ ನಾಲ್ಕು ಸಾಲೂ ಪೀಠಿಕೆಯಾಗಿಬಿಡುತ್ತವೆ. ಕೇಳೋದಿದ್ದರೆ ಬೇರೆ ದಿನ ಫೋನ್ ಮಾಡಿ.

ತಡವಾಯಿತು ಎಂದೂ ಬಿಡಬೇಡಿ. ವರ್ಷಗಳ ಹಿಂದಿನ ಉಪಕಾರವಾದರೆ, ಈಗ ಯಾಕೆ ನೆನಪಾಯಿತು ಅನ್ನೋದನ್ನು ಮೊದಲ ಸಾಲಿನಲ್ಲೇ ಹೇಳಿಬಿಡಿ. ಕ್ಷಮೆ ಕೇಳುತ್ತಾ ಅರ್ಧ ಕಾರ್ಡು ಮುಗಿಸುವುದು ಬೇಡ.