ಕೇಬಲ್ ತೆಗೆಸಿದ್ದಾಯ್ತು, ಈಗ ಯಾವ ಡಬ್ಬಿ ತರೋಣ?

ಕೇಬಲ್ ತೆಗೆಸಿದ ಕೂಡಲೇ ಬಹಳ ಜನ ಆನ್‌ಲೈನ್ ಅಂಗಡಿ ತೆರೆದು ಸ್ಟ್ರೀಮಿಂಗ್ ಡಬ್ಬಿಗಳ ರೇಟಿಂಗ್ ನೋಡುತ್ತಾ ಕೂರುತ್ತಾರೆ. ಫೈರ್ ಟಿವಿ, ರೋಕು, ಆ್ಯಪಲ್ ಟಿವಿ, ಗೂಗಲ್ ಟಿವಿ, ಅವುಗಳ ನಡುವೆ ಹೆಸರೇ ಕೇಳಿರದ ಹತ್ತಾರು ಆಂಡ್ರಾಯ್ಡ್ ಬಾಕ್ಸ್‌ಗಳು. ಒಬ್ಬರು ಪ್ಲೆಕ್ಸ್ (ನಿಮ್ಮ ವಿಡಿಯೊಗಳನ್ನು ಟಿವಿಗಳಿಗೆ ಹಂಚುವ ಸಾಫ್ಟ್‌ವೇರ್) ಹಾಕಿ ಅಂತಾರೆ, ಇನ್ನೊಬ್ಬರು ನ್ಯಾಸ್ (ಮನೆಯ ನೆಟ್‌ವರ್ಕ್‌ಗೆ ಸಿಕ್ಕಿಸುವ ಡಿಸ್ಕ್ ಪೆಟ್ಟಿಗೆ) ಇಲ್ಲದೆ ಆಗಲ್ಲ ಅಂತಾರೆ, ಅಷ್ಟರಲ್ಲಿ ತಲೆ ಕೆಟ್ಟಿರುತ್ತದೆ. ನಾನಾದರೆ ಫೈಲ್‌ನಿಂದ ಶುರು ಮಾಡುತ್ತೇನೆ. ನೀವು ನೋಡುವ ವಿಡಿಯೊ ಎಲ್ಲಿಂದ ಬರುತ್ತದೆ, ಟಿವಿಗೆ ಸಿಕ್ಕಿಸಿದ ಡಬ್ಬಿ ಅದನ್ನು ಇದ್ದ ಹಾಗೇ ಓದುತ್ತದಾ, ಇದಿಷ್ಟು ಗೊತ್ತಾದರೆ ಬೇಡದ ಖರ್ಚು ಎಷ್ಟೋ ತಪ್ಪುತ್ತದೆ.

1. ನೋಡುವುದೇನು ಅಂತ ಬರೆದುಕೊಳ್ಳಿ

ಒಂದು ಹಾಳೆ ತಗೊಂಡು ಮನೆಯವರು ಕಳೆದ ತಿಂಗಳು ಏನೇನು ನೋಡಿದರು ಅಂತ ಬರೆಯಿರಿ. ನೋಡಬೇಕು ಅಂದುಕೊಂಡಿದ್ದು ಬೇಡ, ನೋಡಿದ್ದು ಮಾತ್ರ. ಅದು ಮೂರು ಗುಂಪಾಗುತ್ತದೆ. ನೆಟ್‌ಫ್ಲಿಕ್ಸ್, ಯೂಟ್ಯೂಬ್ ತರಹದ ಆ್ಯಪ್‌ಗಳು ಒಂದು. ಸುದ್ದಿ, ಮ್ಯಾಚು ಅಂತ ಲೈವ್ ಬರುವುದು ಇನ್ನೊಂದು. ಮೂರನೆಯದು ನಿಮ್ಮದೇ ಫೈಲ್‌ಗಳು: ಮದುವೆ ವಿಡಿಯೊ, ಫೋನಿನಲ್ಲಿ ತೆಗೆದದ್ದು, ದುಡ್ಡು ಕೊಟ್ಟು ಕೊಂಡ ಡಿವಿಡಿ, ಬ್ಲೂ-ರೇಗಳಿಂದ ಇಳಿಸಿಕೊಂಡದ್ದು. (ಡಿಸ್ಕ್ ಕಾಪಿ ಮಾಡುವುದಕ್ಕೆ ಒಂದೊಂದು ದೇಶದಲ್ಲಿ ಒಂದೊಂದು ಕಾನೂನಿದೆ, ನಿಮ್ಮಲ್ಲಿ ಹೇಗೆ ಅಂತ ಮೊದಲು ನೋಡಿಕೊಳ್ಳಿ.)

ಮೊದಲ ಗುಂಪು ಮಾತ್ರ ಇದ್ದರೆ ಸರ್ವರ್ (ಫೈಲ್‌ಗಳನ್ನು ಇಟ್ಟುಕೊಂಡು ಮನೆಯ ಟಿವಿ, ಫೋನುಗಳಿಗೆ ಕಳಿಸುವ ಕಂಪ್ಯೂಟರ್) ಸುದ್ದಿಯೇ ಬೇಡ, ನಾಲ್ಕನೇ ಹಂತದವರೆಗೆ ಓದಿ ನಿಲ್ಲಿಸಿಬಿಡಿ. ಲೈವ್ ಬೇಕು ಅನ್ನುವವರು ಚಾನೆಲ್‌ನದ್ದೇ ಆ್ಯಪ್ ಇದೆಯಾ ನೋಡಿ. ಆಂಟೆನಾದಲ್ಲಿ ಉಚಿತ ಸಿಗ್ನಲ್ ಸಿಗುವ ಕಡೆ ಎಚ್‌ಡಿಹೋಮ್‌ರನ್ ತರಹದ ಟ್ಯೂನರ್ ಹಾಕಿದರೆ ಆ ಚಾನೆಲ್‌ಗಳು ಮನೆಯ ನೆಟ್‌ವರ್ಕ್‌ನಲ್ಲೇ ಹರಿದಾಡುತ್ತವೆ, ಯಾವ ಟಿವಿಯಲ್ಲಾದರೂ ನೋಡಬಹುದು. ಆದರೆ ಕೊಳ್ಳುವ ಮುಂಚೆ ನಿಮ್ಮ ದೇಶದ ಪ್ರಸಾರ ಪದ್ಧತಿಗೆ ಆ ಮಾಡೆಲ್ ಹೊಂದುತ್ತದಾ ಖಚಿತ ಮಾಡಿಕೊಳ್ಳಿ, ಎಲ್ಲ ಕಡೆ ಒಂದೇ ಪದ್ಧತಿ ಇಲ್ಲ.

2. ಇರುವ ಟಿವಿಯನ್ನೇ ಒಮ್ಮೆ ಪರೀಕ್ಷೆ ಮಾಡಿ

ಸ್ಮಾರ್ಟ್ ಟಿವಿ ಇದ್ದರೆ ಡಬ್ಬಿ ಬೇಕೇ ಬೇಕು ಅಂತೇನಿಲ್ಲ. ನಿಮ್ಮ ಬಳಿ ಇರುವುದರಲ್ಲಿ ಅತಿ ದೊಡ್ಡ ಫೈಲ್ ಒಂದನ್ನು ಪೆನ್ ಡ್ರೈವ್‌ಗೆ ಹಾಕಿ ಟಿವಿಗೆ ಚುಚ್ಚಿ. ಡ್ರೈವ್ ಫ್ಯಾಟ್32 ಅನ್ನುವ ಫಾರ್ಮ್ಯಾಟ್‌ನಲ್ಲಿದ್ದರೆ 4 ಜಿಬಿ ದಾಟಿದ ಫೈಲ್ ಕಾಪಿಯೇ ಆಗುವುದಿಲ್ಲ, ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಕೊಳ್ಳಿ. ಚಿತ್ರ, ಧ್ವನಿ, ಸಬ್‌ಟೈಟಲ್ ಮೂರೂ ಸರಿಯಾಗಿ ಬಂದರೆ ಸದ್ಯಕ್ಕೆ ಅದೇ ಸಾಕು. ಟಿವಿ ಪರದೆ ವರ್ಷಗಟ್ಟಲೆ ಬಾಳುತ್ತದೆ, ಒಳಗಿನ ಸಾಫ್ಟ್‌ವೇರ್‌ಗೆ ಮಾತ್ರ ಬೇಗ ವಯಸ್ಸಾಗುತ್ತದೆ. ಅಪ್‌ಡೇಟ್ ನಿಂತು ಆ್ಯಪ್‌ಗಳು ತೆವಳಲು ಶುರುವಾದ ಮೇಲೆ ಡಬ್ಬಿ ತಂದರಾಯಿತು.

3. ನೆಟ್‌ವರ್ಕ್ ಸರಿ ಮಾಡಿ, ಆಮೇಲೆ ಉಳಿದದ್ದು

ನೆಟ್‌ಫ್ಲಿಕ್ಸ್ 4ಕೆಗೆ 15 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್) ಇರಲಿ ಅನ್ನುತ್ತದೆ. ಅದೇನು ದೊಡ್ಡ ವಿಷಯ ಅಲ್ಲ. ಆದರೆ 4ಕೆ ಬ್ಲೂ-ರೇ ಡಿಸ್ಕಿನ ವೇಗ 128 ಎಂಬಿಪಿಎಸ್‌ವರೆಗೂ ಹೋಗಬಹುದು, ಅದನ್ನು ಕುಗ್ಗಿಸದೆ ಫೈಲ್ ಮಾಡಿಟ್ಟುಕೊಂಡವರಿಗೆ ಮನೆಯೊಳಗಿನ ದಾರಿ ಅಗಲ ಇರಬೇಕು. ಇಲ್ಲೊಂದು ತಮಾಷೆ ಇದೆ. ಬಹಳಷ್ಟು ಟಿವಿಗಳ ಹಿಂದಿರುವ ಲ್ಯಾನ್ ಪೋರ್ಟ್ ಇವತ್ತಿಗೂ 100 ಎಂಬಿಪಿಎಸ್‌ದು. ವೈರ್ ಹಾಕಿದೆ, ಇನ್ನು ಚಿಂತೆ ಇಲ್ಲ ಅಂದುಕೊಂಡರೆ ಭಾರೀ ಫೈಲ್‌ನ ಆ್ಯಕ್ಷನ್ ದೃಶ್ಯದಲ್ಲಿ ಬಫರಿಂಗ್ ಚಕ್ರ ತಿರುಗುತ್ತದೆ. ಅಂಥ ಟಿವಿಗೆ 5 ಗಿಗಾಹರ್ಟ್ಸ್ ವೈ-ಫೈಯೇ ವೈರ್‌ಗಿಂತ ವಾಸಿ.

ಸರ್ವರ್ ಇಡುವುದಾದರೆ ಒಂದೇ ನಿಯಮ: ಸರ್ವರ್‌ನಿಂದ ರೂಟರ್‌ಗೆ ವೈರ್ ಇರಲಿ. ಎರಡೂ ಕಡೆ ವೈ-ಫೈ ಆದರೆ ಅದೇ ಡೇಟಾ ಗಾಳಿಯಲ್ಲಿ ಎರಡು ಸಲ ಓಡಾಡಬೇಕು, ಒಮ್ಮೆ ಸರ್ವರ್‌ನಿಂದ ರೂಟರ್‌ಗೆ, ಇನ್ನೊಮ್ಮೆ ರೂಟರ್‌ನಿಂದ ಟಿವಿಗೆ. ರೂಟರ್‌ನ 2.4 ಗಿಗಾಹರ್ಟ್ಸ್ ಬ್ಯಾಂಡನ್ನು ಬಲ್ಬು, ಪ್ರಿಂಟರ್‌ಗಳಿಗೆ ಬಿಟ್ಟುಕೊಡಿ.

4. ಡಬ್ಬಿ

ಹೆಸರಿಲ್ಲದ ಅಗ್ಗದ ಆಂಡ್ರಾಯ್ಡ್ ಬಾಕ್ಸ್ ಬೇಡವೇ ಬೇಡ. "ಎಲ್ಲ ಚಾನೆಲ್ ಫ್ರೀ" ಅಂತ ಹೇಳಿ ಮಾರುವುದಂತೂ ಮನೆ ಹೊಸ್ತಿಲು ದಾಟಕೂಡದು. ಬ್ಯಾಡ್‌ಬಾಕ್ಸ್ 2.0 ಅನ್ನುವ ಮಾಲ್‌ವೇರ್ ಕೆಲವು ಡಬ್ಬಿಗಳಲ್ಲಿ ಕಾರ್ಖಾನೆಯಿಂದ ಬರುವಾಗಲೇ ಕೂತಿರುತ್ತದೆ, ನಿಮ್ಮ ಇಂಟರ್‌ನೆಟ್ ಕನೆಕ್ಷನ್ನನ್ನು ಬೇರೆಯವರ ಕಳ್ಳ ಕೆಲಸಕ್ಕೆ ಬಾಡಿಗೆ ಕೊಡುತ್ತದೆ; ಅಮೆರಿಕದ ಎಫ್‌ಬಿಐ 2025ರ ಜೂನ್‌ನಲ್ಲಿ ಇದರ ಬಗ್ಗೆ ಸಾರ್ವಜನಿಕರಿಗೆ ಎಚ್ಚರಿಕೆಯನ್ನೇ ಕೊಟ್ಟಿತ್ತು. ಮಾಲ್‌ವೇರ್ ಇಲ್ಲದಿದ್ದರೂ ಇನ್ನೊಂದು ಕಾಟ ಇದೆ. ಆ್ಯಪ್‌ಗಳು ವೈಡ್‌ವೈನ್ ಅನ್ನುವ ಬೀಗ ನೋಡುತ್ತವೆ. ಅದು ಎಲ್1 ಮಟ್ಟದ್ದಾಗಿದ್ದರೆ ಎಚ್‌ಡಿ, 4ಕೆ ಸಿಗುತ್ತದೆ. ಎಲ್3 ಆದರೆ ಡಬ್ಬಿಯ ಮೇಲೆ 8ಕೆ ಅಂತ ಚಿನ್ನದ ಅಕ್ಷರದಲ್ಲಿ ಬರೆದಿದ್ದರೂ ನೆಟ್‌ಫ್ಲಿಕ್ಸ್ ಮಸುಕು ಮಸುಕಾಗಿಯೇ ಬರುತ್ತದೆ.

ಇನ್ನು ಹೆಸರಿರುವವು. ಸುಮ್ನೆ ಆ್ಯಪ್ ನೋಡುವವರಿಗೆ ರೋಕು ಸರಳ, ರಿಮೋಟ್ ಯಾರ ಕೈಗೆ ಕೊಟ್ಟರೂ ಕಲಿಯುತ್ತಾರೆ. ಫೈರ್ ಟಿವಿ ಕಡಿಮೆ ಖರ್ಚಿನದ್ದು, ಹೋಮ್ ಸ್ಕ್ರೀನ್‌ನಲ್ಲಿ ಜಾಹೀರಾತು ಜಾಸ್ತಿ. ಅಮೆಜಾನ್ 2025ರಲ್ಲಿ ವೇಗಾ ಓಎಸ್ ಇರುವ ಸ್ಟಿಕ್ ಬಿಟ್ಟಿದೆ, ಅದರಲ್ಲಿ ಅವರ ಸ್ಟೋರ್‌ನಿಂದ ಹೊರಗಿನ ಆ್ಯಪ್ ಹಾಕಲು ಬರುವುದಿಲ್ಲ. ಕೋಡಿ ಅನ್ನುವ ವಿಡಿಯೊ ಪ್ಲೇಯರ್ ಹಾಕಿಕೊಳ್ಳುವ ಯೋಚನೆ ಇದ್ದರೆ ಮಾಡೆಲ್ ನೋಡಿ ತಗೊಳ್ಳಿ. 2013ರಲ್ಲಿ ಬಂದ ಕ್ರೋಮ್‌ಕಾಸ್ಟ್ ತಯಾರಿಕೆ 2024ರಲ್ಲಿ ನಿಂತಿತು. ಅದರ ಜಾಗಕ್ಕೆ ಬಂದ ಗೂಗಲ್ ಟಿವಿ ಸ್ಟ್ರೀಮರ್‌ಗೆ ಗಿಗಾಬಿಟ್ ಲ್ಯಾನ್ ಪೋರ್ಟ್ ಇರುವುದು ನಮ್ಮಂಥವರಿಗೆ ಒಳ್ಳೆಯದೇ. ಆ್ಯಪಲ್ ಟಿವಿ ದುಬಾರಿ, ಆದರೆ ವೇಗ ಚೆನ್ನಾಗಿದೆ. ಎನ್‌ವಿಡಿಯಾ ಶೀಲ್ಡ್ 2019ರ ಮಾಡೆಲ್ ಆದರೂ ದೊಡ್ಡ ಸೌಂಡ್ ಸಿಸ್ಟಮ್ ಇಟ್ಟುಕೊಂಡವರು ಇನ್ನೂ ಬಿಡುವುದಿಲ್ಲ, ಯಾಕೆಂದರೆ ಬ್ಲೂ-ರೇಯ ಟ್ರೂಎಚ್‌ಡಿ, ಡಿಟಿಎಸ್ ಧ್ವನಿಯನ್ನು ಮುಟ್ಟದೆ ರಿಸೀವರ್‌ಗೆ ದಾಟಿಸುತ್ತದೆ. ಅದಕ್ಕೆ ಎವಿ1 ಅನ್ನುವ ವಿಡಿಯೊ ಪದ್ಧತಿ ಓದಲು ಬರುವುದಿಲ್ಲ ಅನ್ನುವುದೂ ನೆನಪಿರಲಿ.

ಯಾವುದೇ ಡಬ್ಬಿ ಇರಲಿ, ಸ್ಪೆಕ್ ಪುಟದಲ್ಲಿ ಮೂರು ಹೆಸರು ಹುಡುಕಿ: ಎಚ್.264, ಎಚ್‌ಇವಿಸಿ, ಎವಿ1. ಇವು ವಿಡಿಯೊ ಕುಗ್ಗಿಸುವ ಪದ್ಧತಿಗಳು, ಕೋಡೆಕ್ ಅಂತಾರೆ. ಮೂರೂ ಹಾರ್ಡ್‌ವೇರ್‌ನಲ್ಲೇ ಓದುವಂತಿದ್ದರೆ ಒಳ್ಳೆಯದು. ಎಚ್‌ಡಿಆರ್ (ಬೆಳಕು, ಬಣ್ಣ ಇನ್ನಷ್ಟು ಚೆನ್ನಾಗಿ ತೋರಿಸುವ ಪದ್ಧತಿ) ವಿಷಯದಲ್ಲಿ ಟಿವಿಗೆ ಬರುವುದನ್ನೇ ನೋಡಿ. ಸ್ಯಾಮ್‌ಸಂಗ್ ಟಿವಿಗಳಲ್ಲಿ ಡಾಲ್ಬಿ ವಿಷನ್ ಅನ್ನುವ ಎಚ್‌ಡಿಆರ್ ಇಲ್ಲ, ಹಾಗಾಗಿ ಅದಕ್ಕೋಸ್ಕರ ಜಾಸ್ತಿ ಕೊಟ್ಟು ಡಬ್ಬಿ ತರುವುದರಲ್ಲಿ ಅರ್ಥ ಇಲ್ಲ. ಡಬ್ಬಿ ಬಂದ ದಿನವೇ ಸೆಟ್ಟಿಂಗ್‌ನಲ್ಲಿ ಫ್ರೇಮ್ ರೇಟ್ ಹೊಂದಿಸುವ ಆಯ್ಕೆ ಹುಡುಕಿ ಆನ್ ಮಾಡಿ. ಸಿನಿಮಾ ಸೆಕೆಂಡಿಗೆ 24 ಫ್ರೇಮ್‌ದು, ಟಿವಿ 60ರಲ್ಲಿ ಓಡುತ್ತಿದ್ದರೆ ಕ್ಯಾಮೆರಾ ನಿಧಾನಕ್ಕೆ ತಿರುಗುವಾಗ ಚಿತ್ರ ಮುಗ್ಗರಿಸಿದ ಹಾಗೆ ಕಾಣುತ್ತದೆ.

5. ಸರ್ವರ್ ನಿಜವಾಗಿಯೂ ಬೇಕಾ?

ಟಿವಿ ಒಂದೇ, ಫೈಲ್‌ಗಳೂ ಒಂದೇ ಹಾರ್ಡ್ ಡಿಸ್ಕಿನಲ್ಲಿವೆ ಅಂದರೆ ಬೇಡ. ಡಬ್ಬಿಯಲ್ಲಿ ಕೋಡಿ ಹಾಕಿ, ಡಿಸ್ಕನ್ನು ರೂಟರ್‌ಗೋ ಕಂಪ್ಯೂಟರ್‌ಗೋ ಚುಚ್ಚಿ ಫೋಲ್ಡರ್ ಶೇರ್ ಮಾಡಿ, ಮುಗಿಯಿತು. ಕೋಡಿ ಪ್ಲೇಯರ್ ಅಷ್ಟೇ, ಸರ್ವರ್ ಅಲ್ಲ. ಎರಡು ಮೂರು ಟಿವಿ, ಫೋನು, ಟ್ಯಾಬ್ ಎಲ್ಲದರಲ್ಲೂ ನೋಡಬೇಕು, ಅಲ್ಲಿ ಅರ್ಧಕ್ಕೆ ನಿಲ್ಲಿಸಿದ್ದನ್ನು ಇಲ್ಲಿ ಮುಂದುವರಿಸಬೇಕು ಅಂದರೆ ಆಗ ಸರ್ವರ್‌ಗೆ ಬೆಲೆ.

ಸರ್ವರ್ ಎರಡು ರೀತಿ ಕೆಲಸ ಮಾಡುತ್ತದೆ. ಡಬ್ಬಿಗೆ ಫೈಲ್ ಓದಲು ಬಂದರೆ ಇದ್ದದ್ದನ್ನು ಇದ್ದ ಹಾಗೇ ಕಳಿಸುತ್ತದೆ, ಅದಕ್ಕೆ ಡೈರೆಕ್ಟ್ ಪ್ಲೇ ಅಂತ ಹೆಸರು, ಹಳೇ ಕಂಪ್ಯೂಟರ್ ಕೂಡ ನಿದ್ದೆಯಲ್ಲೇ ಮಾಡುತ್ತದೆ. ಓದಲು ಬರದಿದ್ದರೆ ಆಗಿಂದಾಗಲೇ ಬೇರೆ ರೂಪಕ್ಕೆ ಬದಲಾಯಿಸಿ ಕಳಿಸಬೇಕು. ಅದು ಟ್ರಾನ್ಸ್‌ಕೋಡಿಂಗ್. ಸರ್ವರ್ ಉಸಿರುಗಟ್ಟುವುದು ಇಲ್ಲೇ.

ಇದನ್ನು ಕಣ್ಣಾರೆ ನೋಡಬಹುದು. ಜೆಲ್ಲಿಫಿನ್ ಅನ್ನುವ ಸರ್ವರ್ ಸಾಫ್ಟ್‌ವೇರ್ ಹಾಕಿದ ಮೇಲೆ ಟಿವಿಯಲ್ಲಿ ಒಂದು ಬ್ಲೂ-ರೇ ಫೈಲ್ ಹಚ್ಚಿ. ಲ್ಯಾಪ್‌ಟಾಪ್‌ನ ಬ್ರೌಸರ್‌ನಲ್ಲಿ ಸರ್ವರ್ ವಿಳಾಸದ ಕೊನೆಗೆ ಕೋಲನ್ ಹಾಕಿ 8096 ಬರೆದು ಒಳಗೆ ಹೋಗಿ, ಡ್ಯಾಶ್‌ಬೋರ್ಡ್ ತೆರೆಯಿರಿ. ಆಡುತ್ತಿರುವ ಸಿನಿಮಾದ ಚಿತ್ರ ಅಲ್ಲಿರುತ್ತದೆ, ಅದರಲ್ಲಿನ ಪುಟ್ಟ ಮಾಹಿತಿ ಚಿಹ್ನೆ ಒತ್ತಿದರೆ ಡೈರೆಕ್ಟಾ ಟ್ರಾನ್ಸ್‌ಕೋಡಾ, ಟ್ರಾನ್ಸ್‌ಕೋಡ್ ಆದರೆ ಯಾಕೆ ಅಂತ ಬರುತ್ತದೆ. ಎಷ್ಟೋ ಸಲ ಅಲ್ಲಿ ಸಿಗುವ ಕಾರಣ ವಿಡಿಯೊ ಅಲ್ಲ, ಸಬ್‌ಟೈಟಲ್! ಬ್ಲೂ-ರೇಯ ಸಬ್‌ಟೈಟಲ್ ಅಕ್ಷರಗಳಲ್ಲಿರುವುದಿಲ್ಲ, ಚಿತ್ರಗಳಾಗಿರುತ್ತವೆ. ಡಬ್ಬಿಗೆ ಅದು ಬರದಿದ್ದರೆ ಸರ್ವರ್ ಪ್ರತಿ ಫ್ರೇಮ್ ಬಿಚ್ಚಿ, ಮೇಲೆ ಆ ಚಿತ್ರ ಅಂಟಿಸಿ, ಮತ್ತೆ ಕಟ್ಟಬೇಕು. ಸಬ್‌ಟೈಟಲ್ ಆಫ್ ಮಾಡಿ ನೋಡಿ, ಡೈರೆಕ್ಟ್ ಅಂತ ಬದಲಾಗಿ ಪ್ರೊಸೆಸರ್ ತಣ್ಣಗಾಗುತ್ತದೆ. ಅಕ್ಷರರೂಪದ ಎಸ್‌ಆರ್‌ಟಿ ಸಬ್‌ಟೈಟಲ್ ಜೊತೆಗಿಟ್ಟರೆ ಸಾಮಾನ್ಯವಾಗಿ ಈ ತೊಂದರೆಯೇ ಇಲ್ಲ. ಹೊಸ ಸರ್ವರ್ ಕೊಳ್ಳಲು ಹೊರಟವರು ಮೊದಲು ಇದನ್ನೊಂದು ನೋಡಿಕೊಳ್ಳಿ.

6. ಸರ್ವರ್‌ಗೆ ಯಾವ ಯಂತ್ರ

ಮನೆಯಲ್ಲಿ ಬಿದ್ದಿರುವ ಹಳೇ ಲ್ಯಾಪ್‌ಟಾಪ್‌ನಲ್ಲೇ ಒಂದು ತಿಂಗಳು ಓಡಿಸಿ ನೋಡಿ. ಆಮೇಲೂ ಉತ್ಸಾಹ ಉಳಿದಿದ್ದರೆ ಮಾತ್ರ ದುಡ್ಡು ಬಿಚ್ಚಿ. ಹೊಸದು ತಗೊಳ್ಳುವುದಾದರೆ ನನ್ನ ಓಟು ಇಂಟೆಲ್ ಎನ್100 ಇರುವ ಮಿನಿ ಪಿಸಿಗೆ. 2023ರಲ್ಲಿ ಬಂದ ಈ ಚಿಪ್ 6 ವ್ಯಾಟ್ ದರ್ಜೆಯದ್ದು. ಇಂಟೆಲ್ 2011ರಿಂದ ತನ್ನ ಪ್ರೊಸೆಸರ್‌ಗಳಲ್ಲಿ ಕೊಡುತ್ತಾ ಬಂದಿರುವ ಕ್ವಿಕ್ ಸಿಂಕ್ ಇದರಲ್ಲೂ ಇದೆ, ಹಾಗಾಗಿ ಟ್ರಾನ್ಸ್‌ಕೋಡಿಂಗ್ ಭಾರ ಗ್ರಾಫಿಕ್ಸ್ ಭಾಗ ಹೊರುತ್ತದೆ. ಹಳೇ ಇಂಟೆಲ್ ಕಂಪ್ಯೂಟರ್ ಆದರೆ 7ನೇ ತಲೆಮಾರು ಅಥವಾ ಅದರ ಮೇಲಿನದ್ದಿರಲಿ, 10 ಬಿಟ್ ಎಚ್‌ಇವಿಸಿ ಸರಿಯಾಗಿ ಶುರುವಾಗಿದ್ದು ಅಲ್ಲಿಂದ.

ರಾಸ್‌ಬೆರಿ ಪೈ ಅನ್ನುವ ಪುಟಾಣಿ ಕಂಪ್ಯೂಟರ್? ಆಟಕ್ಕೆ ಸರಿ. ಪೈ 5ರಲ್ಲಿ ಹಾರ್ಡ್‌ವೇರ್ ವಿಡಿಯೊ ಎನ್‌ಕೋಡರ್ರೇ (ಟ್ರಾನ್ಸ್‌ಕೋಡಿಂಗ್‌ನಲ್ಲಿ ವಿಡಿಯೊವನ್ನು ಮತ್ತೆ ಕಟ್ಟುವ ಭಾಗ) ಇಲ್ಲ, ಎಲ್ಲ ಡೈರೆಕ್ಟ್ ಪ್ಲೇ ಆಗುತ್ತದೆ ಅಂತ ಗ್ಯಾರಂಟಿ ಇದ್ದವರು ಮಾತ್ರ ಆ ದಾರಿ ಹಿಡಿಯಿರಿ. ಸಿನಾಲಜಿ, ಕ್ಯೂನ್ಯಾಪ್ ತರಹದ ನ್ಯಾಸ್ ಡಬ್ಬಿಗಳು ಫೋಟೊ, ಬ್ಯಾಕಪ್, ವಿಡಿಯೊ ಎಲ್ಲ ಒಂದೇ ಕಡೆ ಬೇಕು ಅನ್ನುವವರಿಗೆ ಅನುಕೂಲ. ಬರೀ ಸಿನಿಮಾಕ್ಕೆ ದುಬಾರಿಯಾಯಿತು.

ಕರೆಂಟ್ ಲೆಕ್ಕವನ್ನೂ ಹಾಕಿ, ಸರ್ವರ್ ಹಗಲೂ ರಾತ್ರಿ ಓಡುವಂಥದ್ದು ಅಲ್ವಾ. 10 ವ್ಯಾಟ್ ಎಳೆಯುವ ಯಂತ್ರ ವರ್ಷಕ್ಕೆ ಸುಮಾರು 88 ಯೂನಿಟ್ ತಿನ್ನುತ್ತದೆ. 60 ವ್ಯಾಟ್ ಎಳೆಯುವ ಹಳೇ ಡೆಸ್ಕ್‌ಟಾಪ್ 525 ಯೂನಿಟ್.

7. ಡಿಸ್ಕ್

ಗಾತ್ರದ ಅಂದಾಜು ಸುಲಭ. 8 ಎಂಬಿಪಿಎಸ್‌ನ ಎರಡು ಗಂಟೆ ಸಿನಿಮಾ 7.2 ಜಿಬಿ, 40 ಎಂಬಿಪಿಎಸ್‌ನದ್ದು 36 ಜಿಬಿ. ನಿಮ್ಮಲ್ಲಿರುವುದನ್ನು ಎಣಿಸಿ, ಮುಂದಿನದಕ್ಕೆ ಒಂದಷ್ಟು ಸೇರಿಸಿ. ರೇಡ್ (ಒಂದು ಡಿಸ್ಕ್ ಕೆಟ್ಟರೂ ಫೈಲ್ ಉಳಿಯುವಂತೆ ಎರಡೋ ಹೆಚ್ಚೋ ಡಿಸ್ಕ್ ಜೋಡಿಸುವುದು) ಮಾಡುವವರು ಸಿಎಂಆರ್ (ಬರೆಯುವ ಗೆರೆಗಳು ಬೇರೆ ಬೇರೆ ಇರುವ) ಡಿಸ್ಕ್ ಕೇಳಿ ತಗೊಳ್ಳಿ, ಎಸ್‌ಎಂಆರ್ (ಗೆರೆಗಳು ಒಂದರ ಮೇಲೊಂದು ಹೊದ್ದಿರುವ ಬಗೆ) ಆದರೆ ಹಾಳಾದ ಡಿಸ್ಕ್ ಬದಲಿಸಿದಾಗ ಮತ್ತೆ ತುಂಬಿಸುವುದು ಬಹಳ ನಿಧಾನ. ರೇಡ್ ಇದೆ, ಬ್ಯಾಕಪ್ ಯಾಕೆ ಅನ್ನಬೇಡಿ. ಕೈ ತಪ್ಪಿ ಒಂದು ಫೋಲ್ಡರ್ ಅಳಿಸಿದರೆ ಎರಡು ಡಿಸ್ಕಿನಲ್ಲೂ ಅದೇ ಕ್ಷಣಕ್ಕೆ ಅಳಿಸಿಹೋಗುತ್ತದೆ. ಸಿನಿಮಾ ಹೋದರೆ ಮತ್ತೆ ಸಿಗುತ್ತದೆ, ಮದುವೆ ವಿಡಿಯೊ ಸಿಗುವುದಿಲ್ಲ. ಅದರ ಇನ್ನೊಂದು ಪ್ರತಿ ಬೇರೆ ಮನೆಯಲ್ಲಿರಲಿ.

8. ಪ್ಲೆಕ್ಸಾ, ಜೆಲ್ಲಿಫಿನ್ನಾ

ಪ್ಲೆಕ್ಸ್ ನೋಡಲು ಚೆಂದ, ಹೆಚ್ಚುಕಡಿಮೆ ಎಲ್ಲ ಟಿವಿಗೂ ಆ್ಯಪ್ ಇದೆ, ಹೇಳಿಕೊಡದಿದ್ದರೂ ಮನೆಯವರು ಬಳಸುತ್ತಾರೆ. ಆದರೆ ಅಕೌಂಟ್ ಅವರ ಬಳಿ. 2025ರ ಏಪ್ರಿಲ್ ಕೊನೆಯಿಂದ ಮನೆಯ ಹೊರಗಿನಿಂದ ನಿಮ್ಮದೇ ವಿಡಿಯೊ ನೋಡಲೂ ದುಡ್ಡು ಕೊಡಬೇಕು, ಹಾರ್ಡ್‌ವೇರ್ ಟ್ರಾನ್ಸ್‌ಕೋಡಿಂಗ್‌ಗೂ ಪ್ಲೆಕ್ಸ್ ಪಾಸ್ ಬೇಕು. ಜೆಲ್ಲಿಫಿನ್ ಪೂರ್ತಿ ಉಚಿತ. ಎಂಬಿ (Emby) ಅನ್ನುವ ಇನ್ನೊಂದು ಸರ್ವರ್ ಸಾಫ್ಟ್‌ವೇರ್ ತನ್ನ ಕೋಡ್ ಮುಚ್ಚಿಕೊಂಡಾಗ 2018ರ ಕೊನೆಗೆ ಅದರಿಂದ ಕವಲೊಡೆದು ಬಂದದ್ದು. ಕೆಲವು ಟಿವಿಗಳಲ್ಲಿ ಆ್ಯಪ್ ಹಾಕುವುದು ತುಸು ರಗಳೆ. ನಾನು ಜೆಲ್ಲಿಫಿನ್ ಕಡೆಯವನು, ಹಾಗಂತ ಹಿರಿಯರಿರುವ ಮನೆಗೆ ಪ್ಲೆಕ್ಸ್ ಹಾಕಿಕೊಡುವುದನ್ನು ತಪ್ಪು ಅನ್ನುವುದಿಲ್ಲ.

ಯಾವುದಾದರೂ ಸರಿ, ಹೆಸರಿಡುವುದರಲ್ಲಿ ಶಿಸ್ತಿರಲಿ. ಸಿನಿಮಾಕ್ಕೆ ಒಂದು ಫೋಲ್ಡರ್, ಸೀರಿಯಲ್‌ಗೆ ಬೇರೆ. ಪ್ರತಿ ಸಿನಿಮಾ ಹೆಸರಿನ ಕೊನೆಗೆ ಕಂಸದಲ್ಲಿ ವರ್ಷ, ಎಪಿಸೋಡ್‌ಗೆ ಎಸ್01ಇ02 ಅಂತ ಸಂಖ್ಯೆ. ವರ್ಷ ಬಿಟ್ಟರೆ ಅದೇ ಹೆಸರಿನ ಬೇರೆ ಸಿನಿಮಾದ ಪೋಸ್ಟರ್ ಬಂದು ಕೂರುತ್ತದೆ.

9. ಹೊರಗಿನಿಂದ ನೋಡುವುದು

ರೂಟರ್‌ನಲ್ಲಿ ಪೋರ್ಟ್ ತೆರೆದು ಸರ್ವರನ್ನು ನೇರ ಇಂಟರ್‌ನೆಟ್‌ಗೆ ಬಿಡಬೇಡಿ. ಟೇಲ್‌ಸ್ಕೇಲ್ ತರಹದ ವಿಪಿಎನ್ (ಇಂಟರ್‌ನೆಟ್ ಮೂಲಕವೇ ನಿಮ್ಮ ಸಾಧನಗಳ ನಡುವೆ ಖಾಸಗಿ ದಾರಿ ಹಾಕುವ ಸಾಫ್ಟ್‌ವೇರ್) ಅನ್ನು ಸರ್ವರ್ ಮತ್ತು ಫೋನ್ ಎರಡರಲ್ಲೂ ಹಾಕಿ, ಒಂದೇ ಅಕೌಂಟ್‌ನಲ್ಲಿ ಲಾಗಿನ್ ಆಗಿ. ಎಲ್ಲೇ ಇದ್ದರೂ ಫೋನ್ ಮನೆಯ ನೆಟ್‌ವರ್ಕ್‌ನಲ್ಲೇ ಇದ್ದ ಹಾಗೆ ಸರ್ವರ್ ಸಿಗುತ್ತದೆ. ಇಲ್ಲಿ ಲೆಕ್ಕಕ್ಕೆ ಬರುವುದು ಮನೆಯ ಅಪ್‌ಲೋಡ್ ವೇಗ, ಡೌನ್‌ಲೋಡ್ ಅಲ್ಲ. ಅಪ್‌ಲೋಡ್ 10 ಎಂಬಿಪಿಎಸ್ ಇದ್ದರೆ ಫೋನಿನ ಆ್ಯಪ್‌ನಲ್ಲಿ ಗುಣಮಟ್ಟದ ಮಿತಿಯನ್ನು 6 ಅಥವಾ 8ಕ್ಕೆ ಇಟ್ಟುಬಿಡಿ. ಆಗ ಸರ್ವರ್ ಟ್ರಾನ್ಸ್‌ಕೋಡ್ ಮಾಡಲೇಬೇಕಾಗುತ್ತದೆ, ಎನ್100 ಆದರೆ ಅದಕ್ಕೇನೂ ತಲೆ ಕೆಡಿಸಿಕೊಳ್ಳುವುದಿಲ್ಲ.