ನಕ್ಷೆಯಿಲ್ಲದೆ ಕವಂದಿ ಹೊಲಿಯುವುದು

ಕೌದಿ ಹೊಲಿಯಲೆಂದು ತುಂಡುಬಟ್ಟೆಗಳನ್ನು ನೆಲದ ಮೇಲೆ ಹರವಿ, ಬಣ್ಣ ಹೊಂದಿಸಿ, ಫೋಟೊ ತೆಗೆದು ನೋಡಿ, ಮತ್ತೆ ಕದಲಿಸುವುದರಲ್ಲೇ ಕೈ ಬಿಗಿದುಹೋಗುತ್ತದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡು ಕಡೆಯ ಸಿದ್ದಿ (ಆಫ್ರಿಕಾ ಮೂಲದ ಸಮುದಾಯ) ಹೆಂಗಸರು ಹೊಲಿಯುವ ಕವಂದಿ ಎಂಬ ತೇಪೆ ಕೌದಿಯಲ್ಲಿ ಈ ಹಂತವೇ ಇಲ್ಲ. ಮೂಲೆಯಿಂದ ಶುರುಮಾಡಿ, ಅಂಚು ಸುತ್ತುತ್ತ ಒಳಗೆ ಬರುತ್ತಾರೆ. ನಡು ಹೇಗಿದೆ ಎಂಬುದು ನಡು ತಲುಪಿದ ಮೇಲೆಯೇ ತಿಳಿಯುವುದು. ಒಮ್ಮೆಗೆ ಒಂದೇ ತುಂಡಿನ ತೀರ್ಮಾನ. ಕೈ ಸಡಿಲವಾಗಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಸಿಗುವುದು ಕಷ್ಟ.

ಮೊದಲ ಸಲಕ್ಕೆ ಕೂಸಿನ ಅಳತೆ ಸಾಕು: 75 ಸೆಂ.ಮೀ. ಅಗಲ, 100 ಸೆಂ.ಮೀ. ಉದ್ದ. ಅಡಿಗೆ ಹಳೆಯ ಹತ್ತಿ ಸೀರೆಯಿಂದ 80×105ರ ತುಂಡು, ನಡುವಿನ ಪದರಕ್ಕೆ ಸರಿಯಾಗಿ 75×100ರ ಇನ್ನೊಂದು. ಮೇಲಿನ ತೇಪೆಗಳಿಗೆ ಹಳೆ ಪಂಚೆ, ಅಂಗಿ, ಲಂಗ, ಏನಾದರೂ ಸರಿ, ಹತ್ತಿಯದಾಗಿರಲಿ. ನೈಲಾನ್ ಸೇರಿದರೆ ಒಗೆದಾಗ ಹತ್ತಿ ಕುಗ್ಗುತ್ತದೆ, ಅದು ಕುಗ್ಗುವುದಿಲ್ಲ, ಆ ಜಾಗ ಉಬ್ಬಿ ನಿಲ್ಲುತ್ತದೆ. ಜೀನ್ಸ್ ಬೇಡ, ಮಡಿಕೆಯ ಮೇಲೆ ಮಡಿಕೆ ಬಿದ್ದ ಕಡೆ ಸೂಜಿ ದಾಟುವುದಿಲ್ಲ. ಕೆಂಪು, ಕಡುನೀಲಿ ಬಟ್ಟೆಗಳನ್ನು ಒದ್ದೆ ಬಿಳಿ ಬಟ್ಟೆಗೆ ಉಜ್ಜಿ ನೋಡಿ. ಬಣ್ಣ ಬಿಟ್ಟರೆ, ಬಿಡುವುದು ನಿಲ್ಲುವತನಕ ಒಗೆಯಿರಿ. ದಪ್ಪ ಹತ್ತಿ ದಾರ ಸುಮಾರು 100 ಮೀಟರ್ ಬೇಕಾಗುತ್ತದೆ.

ತೇಪೆಗಳನ್ನು ಕತ್ತರಿಸುವ ಬದಲು ಹರಿಯಿರಿ. ಹತ್ತಿ ನೂಲಿನ ಗುಂಟ ನೇರಕ್ಕೆ ಹರಿಯುತ್ತದೆ, ಅಳತೆಪಟ್ಟಿ ಹಿಡಿಯುವ ಚಟವೂ ತಪ್ಪುತ್ತದೆ. 8ರಿಂದ 20 ಸೆಂ.ಮೀ. ಒಳಗಿನ ಚೌಕ, ಪಟ್ಟಿ ಯಾವುದಾದರೂ ಆದೀತು. ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿಡಿ.

ಅಡಿಬಟ್ಟೆಯನ್ನು ಮಗುಚಿ ಹಾಸಿ, ನಡುವಿನ ಪದರ ಇಟ್ಟು, ಸುತ್ತ 2.5 ಸೆಂ.ಮೀ. ಅಂಚನ್ನು ಅದರ ಮೇಲೆ ಮಡಚಿ ಇಸ್ತ್ರಿ ಮಾಡಿ. ಆಮೇಲೆ ನಡುವಿನಿಂದ ಹೊರಕ್ಕೆ ಅಂಗೈಯಲ್ಲಿ ನೀವುತ್ತ, 10 ಸೆಂ.ಮೀ.ಗೊಂದು ಸಾಲಿನಂತೆ ಉದ್ದನೆಯ ಕಚ್ಚಾ ಹೊಲಿಗೆ ಹಾಕಿ. ಬೇಸರದ ಕೆಲಸ, ಆದರೂ ಬಿಡಬೇಡಿ. ಅಂಚಿನಿಂದ ಒಳಗೆ ಹೊಲಿಯುವಾಗ ಸಡಿಲ ಬಟ್ಟೆಯೆಲ್ಲ ನಡುವಿಗೆ ತಳ್ಳಿಕೊಂಡು ಬರುತ್ತದೆ. ಕಚ್ಚಾ ಹೊಲಿಗೆ ಇಲ್ಲದ ಕವಂದಿಯ ಹೊಟ್ಟೆ ಗುಳ್ಳೆ ಕಟ್ಟುವುದು ಇದರಿಂದಲೇ.

ಚೀಲಕ್ಕೆ ಕೈಹಾಕಿ, ನೋಡದೆ ಮೂರು ತುಂಡು ತೆಗೆಯಿರಿ. ಮೂರರಲ್ಲಿ ಒಂದನ್ನು ಹತ್ತು ಎಣಿಸುವುದರೊಳಗೆ ಆರಿಸಿ, ಉಳಿದೆರಡು ಚೀಲಕ್ಕೆ ವಾಪಸ್. ಆರಿಸಿದ್ದರ ಎರಡು ಹೊರಬದಿಗಳನ್ನು 1 ಸೆಂ.ಮೀ. ಒಳಕ್ಕೆ ಮಡಚಿ, ಮೂಲೆಗೆ ಸರಿಯಾಗಿ ಕೂರಿಸಿ, ಅಂಚಿನಿಂದ 3 ಮಿ.ಮೀ. ಒಳಗೆ ಸಾದಾ ಹೊಲಿಗೆ ಹಾಕಿ. ಬಲಗೈಯವರು ಬಲದಿಂದ ಎಡಕ್ಕೆ ಸಾಗಲಿ. ದಾರ ತುಂಡಿನ ಕೊನೆಗೆ ಬಂದಾಗ ಮುಂದಿನದನ್ನು ಇಡಿ. ಅದರ ಹೊರಬದಿಯನ್ನೂ ಹಿಂದಿನದರ ಮೇಲೆ ಬರುವ ಬದಿಯನ್ನೂ ಮಡಚಿ, ಒಂದೂವರೆ ಸೆಂ.ಮೀ. ಹತ್ತಿಸಬೇಕು. ಒಳಬದಿ ಮಡಚುವುದು ಬೇಡ, ಮುಂದಿನ ಸುತ್ತು ಅದನ್ನು ಮುಚ್ಚುತ್ತದೆ. ಸುತ್ತಿನ ಕೊನೆಯ ತುಂಡಿಗೆ ಮಾತ್ರ ಎರಡೂ ಪಕ್ಕ ಮಡಿಕೆ.

ಸುತ್ತು ಮುಗಿದ ಮೇಲೆ ಮೊದಲ ಸಾಲಿನಿಂದ 1 ಸೆಂ.ಮೀ. ಒಳಗೆ ಎರಡನೆಯ ಸಾಲು, ಹೀಗೇ ಒಳಬದಿಗೆ 2 ಸೆಂ.ಮೀ. ಉಳಿಯುವವರೆಗೆ. ಆಮೇಲೆ ಹೊಸ ತುಂಡುಗಳ ಸುತ್ತು. ಹೊಲಿಗೆ 5 ಮಿ.ಮೀ. ಆಸುಪಾಸಿನಲ್ಲಿರಲಿ, ಡೊಂಕಾದರೆ ಆಗಲಿ. ಒಮ್ಮೆಗೆ 50 ಸೆಂ.ಮೀ.ಗಿಂತ ಉದ್ದ ದಾರ ಪೋಣಿಸಿದರೆ ಗಂಟು ಬೀಳುತ್ತದೆ. ಪ್ರತಿ ಸಾಲಿನ ಕೊನೆಗೆ ಬಟ್ಟೆಯನ್ನು ಬೆರಳಿನಿಂದ ಬಿಡಿಸಿ, ದಾರ ಬಿಗಿದಿದ್ದರೆ ಸುಕ್ಕು ಅಲ್ಲೇ ಕಾಣುತ್ತದೆ. ಸಣ್ಣ ಸುಕ್ಕು ಕವಂದಿಯ ಗುಣ. ಒಗೆದ ಮೇಲೆ ಅದೇ ಚೆಂದ.

ನಾಲ್ಕು ಮೂಲೆಗೂ ಫೂಲ, ಅಂದರೆ ಬಟ್ಟೆ ಮಡಚಿ ಮಾಡಿದ ಹೂವು, ಬೇಕು. ಮೊದಲ ಸುತ್ತಿನಲ್ಲಿ ಮೂಲೆಯ ತುಂಡುಗಳನ್ನು ಹೊಲಿಯುವಾಗಲೇ ಇದನ್ನು ಸೇರಿಸಬೇಕು. 10 ಸೆಂ.ಮೀ. ಚೌಕವನ್ನು ಎರಡು ಸಲ ಮಡಚಿ ತ್ರಿಕೋನ ಮಾಡಿ, ಬೇರೆ ಬಣ್ಣದ ಎರಡು ಮೂರನ್ನು ಒಂದರ ಮೇಲೊಂದು ಜೋಡಿಸಿ, ತುದಿ ಹೊರಗೆ ಕಾಣುವಂತೆ ಮೂಲೆಯ ತುಂಡಿನ ಅಡಿ ಸಿಕ್ಕಿಸಿ ಹೊಲಿಯಿರಿ. ಫೂಲ ಇಲ್ಲದ ಕವಂದಿ ಬೆತ್ತಲೆ ಎನ್ನುತ್ತಾರೆ ಸಿದ್ದಿಯರು.

ನಡುದಾರಿಯಲ್ಲಿ ‘ಇದು ಹೊಂದುತ್ತಿಲ್ಲ’ ಎನ್ನಿಸಿಯೇ ತೀರುತ್ತದೆ. ಬಿಚ್ಚಬೇಡಿ. ಕಣ್ಣಿಗೆ ಚುಚ್ಚುವ ಬಣ್ಣ ಒಂದೇ ಕಡೆ ಇದ್ದರೆ ತಪ್ಪಿನಂತೆ ಕಾಣುತ್ತದೆ. ಅದೇ ಬಣ್ಣದ ಸಣ್ಣ ತುಂಡುಗಳನ್ನು ಇನ್ನೆರಡು ಕಡೆ ಹಾಕಿದರೆ ಬೇಕೆಂದೇ ಮಾಡಿದಂತಾಗುತ್ತದೆ. ತೀರಾ ಕಾಡಿದರೆ ಅದರ ಮೇಲೊಂದು ಪುಟ್ಟ ತೇಪೆ ಕೂರಿಸಿ, ಅಷ್ಟೆ.

ಕೊನೆಯ ಕಿಂಡಿ ವಕ್ರವಾಗಿಯೇ ಉಳಿಯುತ್ತದೆ. ಅದಕ್ಕೆ ತಕ್ಕ ತುಂಡಿನ ನಾಲ್ಕೂ ಬದಿ ಮಡಚಿ ಮುಚ್ಚಿ. ಅಲ್ಲಿ ಗುಳ್ಳೆ ಎದ್ದಿದ್ದರೆ, ಮುಚ್ಚುವ ಮೊದಲು ಅಡಿಪದರಗಳಲ್ಲಿ ಒಂದು ನಿರಿಗೆ ಹಿಡಿದು ಹೊಲಿದುಬಿಡಿ. ತೇಪೆ ಅದನ್ನು ಮರೆಸುತ್ತದೆ, ಹಿಂಬದಿಯಲ್ಲಿ ಒಂದು ಗೆರೆಯಷ್ಟೇ ಕಾಣುತ್ತದೆ. ಆಮೇಲೆ ಕಚ್ಚಾ ಹೊಲಿಗೆ ಬಿಚ್ಚಿ, ತಣ್ಣೀರಲ್ಲಿ ಅದ್ದಿ ತೆಗೆದು ನೆರಳಿಗೆ ಹಾಕಿ.