ಮ್ಯಾಟ್‌ಲ್ಯಾಬ್ ಕೋಡನ್ನ ನಂಪೈಗೆ ತರೋದು ಹೇಗೆ? ಎರರ್ ಬರದೇ ಇರೋ ಕಡೇನೇ ಹುಷಾರು

ಕೋಲಾರದಲ್ಲಿ ಇಂಜಿನಿಯರಿಂಗ್ ಓದ್ತಿರೋ ನಮ್ಮ ಚಿಕ್ಕಪ್ಪನ ಮಗಳು ಲ್ಯಾಪ್‌ಟಾಪ್ ತಗೊಂಡು ಮನೆಗೆ ಬಂದಿದ್ಲು. ಟೊಮೆಟೊ ಮಾರ್ಕೆಟ್‌ನಲ್ಲಿ 15 ಕೆಜಿ ಬಾಕ್ಸ್ ದಿನಾ ಎಷ್ಟಕ್ಕೆ ಹರಾಜಾಯ್ತು ಅಂತ ಹಾಕಿದ್ರೆ ರೇಟಿನ ಏರಿಳಿತ ಲೆಕ್ಕ ಹಾಕೋ ಪ್ರಾಜೆಕ್ಟು, ಸೀನಿಯರ್ಸ್ ಮ್ಯಾಟ್‌ಲ್ಯಾಬ್‌ನಲ್ಲಿ (ಲೆಕ್ಕ ಮಾಡೋಕೆ ದುಡ್ಡು ಕೊಟ್ಟು ತಗೊಳ್ಳೋ ಸಾಫ್ಟ್‌ವೇರ್) ಬರೆದಿದ್ದನ್ನ ಇವಳು ಪೈಥಾನ್ ಭಾಷೆಯ ನಂಪೈಗೆ (ನಂಬರ್ ಲೆಕ್ಕದ ಲೈಬ್ರರಿ) ಬದಲಾಯಿಸಿದಾಳೆ. "ಅಣ್ಣ, ಒಂದು ಎರರೂ ಇಲ್ಲ, ಆದ್ರೆ ಉತ್ತರ ಬೇರೆ ಬರ್ತಿದೆ" ಅಂದ್ಲು.

ಕೋಡು ಮುಟ್ಟೋಕೆ ಮುಂಚೆ ಹಳೇದನ್ನ ಓಡಿಸಿ, ಪ್ರತಿ ಹಂತದ ಉತ್ತರಾನ ಫೈಲಲ್ಲಿ ಸೇವ್ ಮಾಡಿಟ್ಕೊಳ್ಳಿ. ಮ್ಯಾಟ್‌ಲ್ಯಾಬ್ ಲೈಸೆನ್ಸ್ ಇಲ್ಲಾಂದ್ರೆ ಆಕ್ಟೇವ್ ಹಾಕ್ಕೊಳ್ಳಿ, ಅದು ಫ್ರೀ, ಮಾಮೂಲಿ ಮ್ಯಾಟ್‌ಲ್ಯಾಬ್ ಕೋಡು ಬಹುತೇಕ ಅದರಲ್ಲೇ ಓಡುತ್ತೆ.

ಆಮೇಲೆ ಎಣಿಕೆ. ಮ್ಯಾಟ್‌ಲ್ಯಾಬ್ 1ರಿಂದ ಎಣಿಸುತ್ತೆ, ನಂಪೈ 0ಯಿಂದ. ರೇಟಿನ ಪಟ್ಟಿಗೆ ಎ ಅಂತ ಹೆಸರಿಟ್ರೆ, ಅಲ್ಲಿ ಎ(2:4) ಅಂದ್ರೆ ಇಲ್ಲಿ ಎ[1:4], ಶುರುವಿನ ನಂಬರಲ್ಲಿ ಒಂದು ಕಳೀರಿ, ಕೊನೇದು ಹಾಗೇ ಇರಲಿ. ಲೂಪಲ್ಲಿ ಲೆಕ್ಕ ತಪ್ಪಿ ಎ[-1] ಆಗಿಬಿಟ್ರೆ ನಂಪೈ ಬಯ್ಯೋದಿಲ್ಲ, ಸುಮ್ಮನೆ ಕೊನೇ ದಿನದ ರೇಟು ತಂದುಕೊಡುತ್ತೆ.

ಗುಣಾಕಾರದ ಸ್ಟಾರ್ ಗುರುತೂ ಹಂಗೇ. ಮ್ಯಾಟ್‌ಲ್ಯಾಬ್‌ನಲ್ಲಿ ಬರೀ ಸ್ಟಾರ್ ಅಂದ್ರೆ ಮ್ಯಾಟ್ರಿಕ್ಸ್ ಗುಣಾಕಾರ, ನಂಪೈನಲ್ಲಿ ಅದಕ್ಕೆ @ ಹಾಕ್ಬೇಕು, ಸ್ಟಾರ್ ಹಾಕಿದ್ರೆ ಒಂದೊಂದು ಮನೆಗೂ ಬಿಡಿಬಿಡಿಯಾಗಿ ಗುಣಿಸುತ್ತೆ. ಚೌಕ ಮ್ಯಾಟ್ರಿಕ್ಸ್ ಆದ್ರೆ ಎರಡೂ ಓಡುತ್ತೆ, ಗೊತ್ತೇ ಆಗಲ್ಲ.

ನಮ್ಮ ಹುಡುಗಿ ಮೊದಲು ಸಿಕ್ಕಿಬಿದ್ದಿದ್ದು ರೀಶೇಪ್‌ನಲ್ಲಿ, ಅಂದ್ರೆ ಪಟ್ಟೀನ ಸಾಲು, ಕಾಲಂ ಆಗಿ ಜೋಡಿಸೋದ್ರಲ್ಲಿ. 200, 300, 400, 500, 600, 700 ಅಂತ ಆರು ದಿನದ ರೇಟು ಇದೆ ಅಂದ್ಕೊಳ್ಳಿ, ಎರಡು ಸಾಲು ಮೂರು ಕಾಲಂ ಮಾಡಿ ಅಂದ್ರೆ ಮ್ಯಾಟ್‌ಲ್ಯಾಬ್ ಮೇಲಿಂದ ಕೆಳಗೆ ತುಂಬ್ಕೊಂಡು ಹೋಗುತ್ತೆ, ಮೊದಲನೇ ಸಾಲಲ್ಲಿ 200, 400, 600 ಕೂರುತ್ತೆ. ನಂಪೈ ಎಡದಿಂದ ಬಲಕ್ಕೆ ತುಂಬೋದರಿಂದ ಅದೇ ಸಾಲು 200, 300, 400. ಮ್ಯಾಟ್‌ಲ್ಯಾಬ್ ಮೊದಲು ಹುಟ್ಟಿದ್ದು ಫೋರ್ಟ್ರಾನ್ ಅನ್ನೋ ಹಳೇ ಪ್ರೋಗ್ರಾಮಿಂಗ್ ಭಾಷೇಲಿ, ಈ ಅಭ್ಯಾಸ ಅಲ್ಲಿಂದ ಬಂದಿದ್ದು, ಅದಕ್ಕೇ ನಂಪೈನಲ್ಲೂ ಹಂಗೇ ಬೇಕಂದ್ರೆ ರೀಶೇಪ್‌ಗೆ ಆರ್ಡರ್='ಎಫ್' ಅಂತ ಕೊಡ್ಬೇಕು.

ಸಮ್ ನೋಡ್ಕೊಳ್ಳಿ, ಮ್ಯಾಟ್‌ಲ್ಯಾಬ್ ಕಾಲಂ ಕಾಲಂ ಕೂಡುತ್ತೆ, ನಂಪೈ ಇಡೀ ಟೇಬಲ್ಲೇ ಕೂಡಿಬಿಡುತ್ತೆ, ಆಕ್ಸಿಸ್=0 ಹಾಕಿದ್ರೆ ಸರಿಹೋಗುತ್ತೆ. ಇನ್ನೊಂದು, ಬಿ = ಎ[0:3] ಅಂತ ತಗೊಂಡು ಬಿ ತಿದ್ದಿದ್ರೆ ನಂಪೈನಲ್ಲಿ ಎ ಕೂಡ ಬದಲಾಗುತ್ತೆ. ಮ್ಯಾಟ್‌ಲ್ಯಾಬ್‌ನಲ್ಲಿ ಆಗಲ್ಲ. ತಿದ್ದೋದಿದ್ರೆ ಡಾಟ್ ಕಾಪಿ ಹಾಕಿ ತಗೊಳ್ಳಿ, ದಯವಿಟ್ಟು ಇದನ್ನ ಮರೀಬೇಡಿ, ಒಂದು ಇಡೀ ದಿನ ಹುಡುಕಿದೀನಿ ನಾನು ಇದಕ್ಕೆ.

ಒಂದೊಂದು ಹಂತ ಬದಲಾಯಿಸಿದ ಕೂಡ್ಲೇ ಸೇವ್ ಮಾಡಿಟ್ಟ ಹಳೇ ಉತ್ತರದ ಜೊತೆ ಹೋಲಿಸಿ, ಪೂರ್ತಿ ಮುಗಿಸಿ ಆಮೇಲೆ ನೋಡೋಣ ಅಂತ ಬಿಡ್ಬೇಡಿ. ಇದಕ್ಕೆ ನಂಪೈನಲ್ಲಿ ಆಲ್‌ಕ್ಲೋಸ್ ಅಂತ ಇದೆ, ಡೆಸಿಮಲ್‌ನ ಸಣ್ಣಪುಟ್ಟ ವ್ಯತ್ಯಾಸಾನ ಬಿಟ್ಟು ಹೋಲಿಸುತ್ತೆ.

ನಾವೂ ಹಂಗೇ ಕೂತು ನೋಡಿದ್ವಿ, ರೀಶೇಪ್ ಸರಿಮಾಡಿದ್ರೂ ಏರಿಳಿತದ ನಂಬರ್ ಕೂಡಿಬರ್ಲಿಲ್ಲ. 200, 300, 400 ಬರೀ ಮೂರು ರೇಟು ಹಾಕಿ ಎಸ್‌ಟಿಡಿ (ಸ್ಟ್ಯಾಂಡರ್ಡ್ ಡೀವಿಯೇಶನ್, ಏರಿಳಿತ ಅಳೆಯೋ ಲೆಕ್ಕ) ಕೇಳಿದ್ವಿ. ಆಕ್ಟೇವ್ 100 ಅಂತು, ನಂಪೈ 81.65 ಅಂತು. ಮ್ಯಾಟ್‌ಲ್ಯಾಬ್, ಆಕ್ಟೇವ್ ಎರಡೂ ಎಣಿಕೆಗಿಂತ ಒಂದು ಕಮ್ಮಿಯಿಂದ ಭಾಗಿಸುತ್ತೆ, ಇಲ್ಲಿ 2. ನಂಪೈ 3ರಿಂದ. ಎಸ್‌ಟಿಡಿಗೆ ಡಿಡಿಒಎಫ್=1 ಅಂತ ಸೇರಿಸಿ ಮತ್ತೆ ಓಡಿಸಿದ್ಲು, 100 ಬಂತು.